ಮರಕ್ಕೆ ಉಳಿ, ಕಬ್ಬಿಣಕ್ಕೆ ಚಾಣ: ಕೈ, ಕಣ್ಣು ಉಳಿಸಿಕೊಳ್ಳಲು ಯಾವುದನ್ನು ಆರಿಸಬೇಕು?

ಹೋದ ವಾರ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಹೊಸದಾಗಿ ವರ್ಕ್‌ಶಾಪ್ ಹಾಕಿದ ಹುಡುಗನೊಬ್ಬ ಬಂದು "ಅಣ್ಣ, ಒಂದು ಸೇಫ್ಟಿ ಸೆಟ್ ಕೊಡಿ" ಅಂದ. ಅಂಗಡಿಯವರು ಒಂದು ಕವರ್ ಎತ್ತಿ ಕೊಟ್ಟರು. ಒಳಗೆ ಒಂದು ಜೊತೆ ಹತ್ತಿಯ ಗ್ಲೌಸು, ತೆಳ್ಳನೆಯ ಪ್ಲಾಸ್ಟಿಕ್ ಕನ್ನಡಕ, ಒಂದು ಮಾಸ್ಕು. ಅವನು ದುಡ್ಡು ಕೊಡುವ ಮೊದಲು ನಾನು ಕೇಳಿದೆ: "ಏನು ಕೆಲಸ ಮಾಡ್ತೀಯಪ್ಪ, ಮರದ್ದೋ ಕಬ್ಬಿಣದ್ದೋ?" "ಎರಡೂ ಇರುತ್ತೆ ಅಣ್ಣ. ಬಾಗಿಲಿಗೆ ಹಿಂಜ್ ಕೂರಿಸೋದು, ತುಕ್ಕು ಹಿಡಿದ ಬೋಲ್ಟ್ ಕಡಿಯೋದು, ಏನು ಬಂದ್ರೂ ಮಾಡ್ತೀನಿ" ಅಂದ.

ಆ ಕವರು ಅವನ ಎರಡೂ ಕೆಲಸಕ್ಕೆ ಆಗುವಂಥದ್ದಲ್ಲ. ಅದನ್ನು ಅಲ್ಲೇ ನಿಂತು ಅರ್ಧ ಗಂಟೆ ಹೇಳಿದೆ. ಅವನಿಗೆ ಹೇಳಿದ್ದನ್ನೇ ಇನ್ನೂ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಐಟಿಐಯಲ್ಲಿ ಫಿಟ್ಟರ್ ಕಲಿತವನು. ಆಮೇಲೆ ಮರದ ಕೆಲಸಕ್ಕೂ ಕೈ ಹಾಕಿದೆ. ಎರಡರಲ್ಲೂ ಪೆಟ್ಟು ತಿಂದಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಮರದಲ್ಲಿ ಉಳಿ ಜಾರುತ್ತದೆ. ಜಾರಿದ ಉಳಿ ಮುಂದಕ್ಕೇ ಹೋಗುತ್ತದೆ, ಅಲ್ಲಿ ನಮ್ಮ ಎಡಗೈ ಇರುತ್ತದೆ, ಇಲ್ಲವೇ ಕಾಲು. ಕಬ್ಬಿಣವನ್ನು ಚಾಣದಲ್ಲಿ, ಅಂದರೆ ಸುತ್ತಿಗೆಯಿಂದ ಹೊಡೆದು ಲೋಹ ಕಡಿಯುವ ಉಕ್ಕಿನ ಉಳಿಯಲ್ಲಿ, ಕಡಿಯುವಾಗ ಚೂರು ಹಾರುತ್ತದೆ. ಹಾರಿದ್ದು ಯಾವ ಕಡೆ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ಆದರೆ ನಾವು ಬಗ್ಗಿ ನೋಡುತ್ತಾ ಇರುತ್ತೇವೆ, ಹಾಗಾಗಿ ಕಣ್ಣೇ ಹತ್ತಿರ. ಅಂದರೆ ಮರದ ಕೆಲಸದಲ್ಲಿ ಮೊದಲ ದುಡ್ಡು ಮರವನ್ನು ಬಿಗಿಯಾಗಿ ಹಿಡಿಯುವ ಸಾಮಾನಿಗೆ. ಕಬ್ಬಿಣದ ಕೆಲಸದಲ್ಲಿ ಮೊದಲ ದುಡ್ಡು ಕಣ್ಣಿಗೆ. ಉಳಿದದ್ದೆಲ್ಲ ಇದರ ಹಿಂದೆ.

ಕಣ್ಣಿಗೆ: ಕನ್ನಡಕ, ಗಾಗಲ್, ಮುಖದ ಶೀಲ್ಡ್

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತದೆ. ಕಿವಿಗೆ ಸಿಕ್ಕಿಸುವ ಸೇಫ್ಟಿ ಕನ್ನಡಕ. ಎಲಾಸ್ಟಿಕ್ ಪಟ್ಟಿ ಇರುವ, ಮುಖಕ್ಕೆ ಸುತ್ತಲೂ ಒತ್ತಿ ಕೂರುವ ಗಾಗಲ್. ಹಣೆಯಿಂದ ಗಲ್ಲದವರೆಗೆ ಇಳಿಬೀಳುವ ಶೀಲ್ಡ್.

ಬೆಲೆ ನೋಡಿ ಆರಿಸಬೇಡಿ, ಗುರುತು ನೋಡಿ. ಭಾರತದ ಮಾನಕ ಐಎಸ್ 5983. ಅಮೆರಿಕದ ಮಾನಕದ ಮಾಲಿನಲ್ಲಿ ಝಡ್87 ಅಂತ ಇರುತ್ತದೆ, ಅದರ ಪಕ್ಕ ಪ್ಲಸ್ ಗುರುತು ಇದ್ದರೆ ಜೋರು ಏಟಿನ ಪರೀಕ್ಷೆ ಪಾಸಾಗಿದೆ ಅಂತ ಅರ್ಥ. ಯುರೋಪಿನ ಇಎನ್ 166 ಮಾಲಿನಲ್ಲಿ ಗಾಜಿನ ಮೂಲೆಯಲ್ಲೇ ಒಂದು ಅಕ್ಷರ ಕೊರೆದಿರುತ್ತಾರೆ: ಎಫ್, ಬಿ, ಇಲ್ಲವೇ ಎ. ಈ ಅಕ್ಷರವನ್ನು ಓದಲು ಕಲಿತರೆ ಅರ್ಧ ಗೊಂದಲ ಮುಗಿಯಿತು. ಪರೀಕ್ಷೆ ಹೀಗಿದೆ. 6 ಮಿಲಿಮೀಟರ್ ದಪ್ಪದ, ಒಂದು ಗ್ರಾಂಗಿಂತ ಕಡಿಮೆ ತೂಕದ ಉಕ್ಕಿನ ಗುಂಡನ್ನು ಅದರ ಮೇಲೆ ಹೊಡೆಯುತ್ತಾರೆ. ಎಫ್ ಅಂದರೆ ಸೆಕೆಂಡಿಗೆ 45 ಮೀಟರ್ ವೇಗದ ಏಟು ತಡೆದಿದೆ. ಬಿ ಅಂದರೆ 120 ಮೀಟರ್. ಎ ಅಂದರೆ 190 ಮೀಟರ್. ಕಿವಿಗೆ ಸಿಕ್ಕಿಸುವ ಕನ್ನಡಕಕ್ಕೆ ಆ ಮಾನಕದಲ್ಲಿ ಎಫ್‌ಗಿಂತ ಮೇಲಿನ ಅಕ್ಷರ ಸಿಗುವುದೇ ಇಲ್ಲ. ಗಾಗಲ್‌ಗೆ ಬಿವರೆಗೆ ಸಿಗುತ್ತದೆ. ಎ ಸಿಗುವುದು ಶೀಲ್ಡ್‌ಗೆ ಮಾತ್ರ.

ಇನ್ನು ಆಯ್ಕೆ ಸುಲಭ. ಮರ ಕೆತ್ತುವವರಿಗೆ ಪಕ್ಕದಲ್ಲೂ ಮರೆ ಇರುವ ಸೇಫ್ಟಿ ಕನ್ನಡಕ ಸಾಕು. ಮರದ ಚಕ್ಕೆ ಹಗುರ, ಬಹಳ ವೇಗವಾಗಿ ಬರುವುದಿಲ್ಲ. ಕನ್ನಡಕ ಹಗುರ ಇದ್ದರೆ ದಿನವಿಡೀ ಹಾಕಿಕೊಂಡಿರುತ್ತೀರಿ, ಅದೇ ಮುಖ್ಯ. ಚಾಣದಿಂದ ಕಬ್ಬಿಣ ಕಡಿಯುವವರಿಗೆ ನಾನು ಗಾಗಲ್ ಅನ್ನೇ ಹೇಳುತ್ತೇನೆ. ಕೆಳಗಿನಿಂದ, ಹುಬ್ಬಿನ ಸಂದಿಯಿಂದ ಬರುವ ಚೂರನ್ನು ಕನ್ನಡಕ ತಡೆಯುವುದಿಲ್ಲ. ಬಗ್ಗಿ ಕೆಲಸ ಮಾಡುವಾಗ ಆ ಸಂದಿ ಸೀದಾ ಚಾಣದ ಕಡೆಗೇ ತೆರೆದಿರುತ್ತದೆ, ಒಮ್ಮೆ ಕನ್ನಡಿ ಇಟ್ಟು ನೋಡಿಕೊಳ್ಳಿ.

ಗಾಗಲ್ ಮೇಲೆ ಎಲ್ಲರದ್ದೂ ಒಂದೇ ದೂರು, ಮಂಜು ಕಟ್ಟುತ್ತದೆ ಅಂತ. ನಿಜ. ಅದಕ್ಕೇ ಎಲ್ಲರೂ ಹಣೆಗೆ ಏರಿಸಿಕೊಂಡು ಕೆಲಸ ಮಾಡುತ್ತಾರೆ. ಕೊಳ್ಳುವಾಗ ಗಾಳಿಯಾಡುವ ಕಿಂಡಿ ಇರುವುದನ್ನೇ ಕೇಳಿ. ಆದರೆ ಬರೀ ನೇರ ತೂತು ಬೇಡ, ಮುಚ್ಚಳ ಇದ್ದು ಗಾಳಿ ಸುತ್ತಿಕೊಂಡು ಒಳಗೆ ಬರುವಂಥದ್ದು ಬೇಕು. ಪವರಿನ ಕನ್ನಡಕ ಇರುವವರು ಅದರ ಮೇಲೇ ಕೂರುವ ದೊಡ್ಡ ಗಾಗಲ್ ತೆಗೆದುಕೊಳ್ಳಿ. ಪವರಿನ ಕನ್ನಡಕವೇ ಸಾಕು ಅಂದುಕೊಳ್ಳಬೇಡಿ. ಏಟು ಬಿದ್ದಾಗ ಅದರ ಗಾಜೇ ಒಡೆದು ಕಣ್ಣಿಗೆ ಹೋಗಬಹುದು.

ಶೀಲ್ಡ್ ಒಳ್ಳೆಯದೇ, ಮುಖವೆಲ್ಲ ಉಳಿಯುತ್ತದೆ. ಆದರೆ ಅದೊಂದೇ ಸಾಲದು. ಕೆಳಗಿನಿಂದ ತೆರೆದಿರುತ್ತದೆ, ಸ್ವಲ್ಪ ಮೇಲೆತ್ತಿದರೆ ಮುಗಿಯಿತು. ಅದರ ಒಳಗೆ ಕನ್ನಡಕ ಇರಲೇಬೇಕು. ಗ್ರೈಂಡರ್ ಹಿಡಿಯುವವರಿಗೆ ಶೀಲ್ಡ್ ಜೊತೆಗೆ ಕನ್ನಡಕ. ಬರೀ ಚಾಣ ಹಿಡಿಯುವವರಿಗೆ ಒಳ್ಳೆಯ ಗಾಗಲ್ ಒಂದಿದ್ದರೆ ಸಾಕು.

ನನ್ನ ಹಳೇ ಗಾಗಲ್ ಇನ್ನೂ ಮೊಳೆಗೆ ನೇತುಹಾಕಿದೆ. ಎಡಗಣ್ಣಿನ ನಡುಮಧ್ಯೆ, ಸಾಸಿವೆ ಕಾಳಿಗಿಂತ ಸಣ್ಣ ಗುಳಿ. ಸುತ್ತ ಜೇಡರ ಬಲೆಯ ಹಾಗೆ ಮೂರ್ನಾಲ್ಕು ಬಿರುಕು. ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಆದ್ದರಿಂದ ಒಡೆಯಲಿಲ್ಲ, ಚೂರು ಅಲ್ಲೇ ಕಚ್ಚಿಕೊಂಡು ನಿಂತಿತ್ತು. ಹೊಸಬರು ಕೆಲಸಕ್ಕೆ ಸೇರಿದ ದಿನ ಅದನ್ನು ಅವರ ಕೈಗೆ ಕೊಟ್ಟು, "ಆ ಗುಳಿಯ ಮೇಲೆ ಬೆರಳು ಆಡಿಸಿ ನೋಡಿ" ಅನ್ನುತ್ತೇನೆ.

ಪಕ್ಕದಲ್ಲಿ ನಿಂತವರ ಕಣ್ಣೂ ಕಣ್ಣೇ, ಅಲ್ವಾ? ಚಾಣ ಹೊಡೆಯುವಾಗ ಲೋಹವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ವೈಸಿನ ಎದುರಿಗೆ ಒಂದು ಜಾಲರಿ ನಿಲ್ಲಿಸಿ. ಐಟಿಐಗಳಲ್ಲಿ ಇದನ್ನು ಚಿಪ್ಪಿಂಗ್ ಸ್ಕ್ರೀನ್ ಅನ್ನುತ್ತಾರೆ. ಮರದ ಚೌಕಟ್ಟಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹೊಡೆದರೂ ನಡೆಯುತ್ತದೆ. ಜಾಗ ಇಲ್ಲದಿದ್ದರೆ ದಪ್ಪ ಗೋಣಿ ಪರದೆಯಾದರೂ ಇರಲಿ. 1948ರ ಕಾರ್ಖಾನೆ ಕಾಯ್ದೆಯ 35ನೇ ಸೆಕ್ಷನ್ ಇದನ್ನೇ ಹೇಳಿತ್ತು: ಚೂರು ಹಾರಿ ಕಣ್ಣಿಗೆ ಅಪಾಯ ಇರುವ ಕೆಲಸದಲ್ಲಿ ಪರದೆಯೋ ಗಾಗಲ್ಲೋ ಕೊಡಿಸಬೇಕು ಅಂತ. ಕೆಲಸದವರೇ ತಂದುಕೊಳ್ಳಲಿ ಅನ್ನುವ ಮಾತು ತಪ್ಪು. ಇಬ್ಬರೇ ಕೆಲಸಗಾರರಿದ್ದರೂ ಕೊಡಿಸುವುದು ಮಾಲೀಕರ ಹೊಣೆ ಅಂತಲೇ ನಾನು ಹೇಳುತ್ತೇನೆ.

ಚಾಣ: ಹಳೇದನ್ನು ಸಾಣೆ ಹಿಡಿಸುವುದೋ, ಹೊಸದೋ?

ನಿಮ್ಮ ಚಾಣದ ತಲೆಯನ್ನು ಈಗಲೇ ತೆಗೆದು ನೋಡಿ. ಬಹಳ ಜನರದ್ದು ಅರಳಿರುತ್ತದೆ. ಸುತ್ತಿಗೆ ಏಟು ತಿಂದು ತಿಂದು ಉಕ್ಕು ಹೊರಕ್ಕೆ ಹರಡಿ, ಅಣಬೆಯ ಟೋಪಿಯ ಹಾಗೆ ಕೆಳಕ್ಕೆ ಬಾಗಿರುತ್ತದೆ. ಅಂಚು ಸೀಳಿ ದಳ ದಳ ಆಗಿರುತ್ತದೆ. ಒಂದೊಂದು ದಳವೂ ಗುಂಡಿಗೆ ಸಮ. ಮುಂದಿನ ಏಟಿಗೆ ಯಾವುದು ಮುರಿದು ಹಾರುತ್ತದೋ ಹೇಳಲಾಗದು. ನನ್ನ ಗಾಗಲ್‌ಗೆ ಬಡಿದದ್ದೂ ಅಂಥದ್ದೇ ಒಂದು ದಳ. ನಾನು ಕಡಿಯುತ್ತಿದ್ದ ಬೋಲ್ಟಿನ ಚೂರಲ್ಲ.

ಅರಳಿದ ಚಾಣವನ್ನು ಬಿಸಾಡಬೇಕಿಲ್ಲ. ಗ್ರೈಂಡರ್ ಕಲ್ಲಿಗೆ ಹಿಡಿದು ಅರಳಿದ್ದನ್ನೆಲ್ಲ ತೆಗೆದು, ತಲೆಯ ಅಂಚನ್ನು ಸುತ್ತ ಓರೆ ಮಾಡಿ. ಓರೆ ಮಾಡಿದರೆ ಬೇಗ ಅರಳುವುದಿಲ್ಲ. ತಲೆ ಬೇಕೆಂದೇ ಮೆತ್ತಗಿರುತ್ತದೆ, ಬಾಯಿ, ಅಂದರೆ ಕಡಿಯುವ ತುದಿ, ಮಾತ್ರ ಗಡಸು. ಆದ್ದರಿಂದ ತಲೆಗೆ "ಗಟ್ಟಿಯಾಗಲಿ" ಅಂತ ಕಾಯಿಸಿ ನೀರಿಗೆ ಅದ್ದುವ ಕೆಲಸ ಮಾಡಲೇಬೇಡಿ. ಗಡಸಾದ ತಲೆ ಅರಳುವುದಿಲ್ಲ, ಒಡೆಯುತ್ತದೆ. ಚಾಣದ ಮೈ ಬಿರುಕು ಬಿಟ್ಟಿದ್ದರೆ, ಬಾಗಿದ್ದರೆ, ಸವೆದು ಸವೆದು ಹಿಡಿಯಲು ಮುಷ್ಟಿಗೇ ಸಾಲದಷ್ಟು ಗಿಡ್ಡ ಆಗಿದ್ದರೆ ಹೊಸದು ತನ್ನಿ. ಬಾಯಿಯನ್ನು ಸಾಣೆ ಹಿಡಿಯುವಾಗ ಪದೇಪದೇ ನೀರಿಗೆ ಅದ್ದುತ್ತಿರಿ. ನೀಲಿ ಬಣ್ಣ ಬಂತೆಂದರೆ ಅಲ್ಲಿಗೆ ಅದರ ಗಡಸುತನ ಹೋಯಿತು.

ಹೊಸದು ಕೊಳ್ಳುವಾಗ ಎರಡು ಬಗೆ ಸಿಗುತ್ತದೆ. ಬೋಳು ಚಾಣ, ಮತ್ತೆ ಹಿಡಿಯ ಮೇಲೆ ಅಗಲ ರಬ್ಬರ್ ಛತ್ರಿ ಇರುವುದು. ಕಲಿಯುತ್ತಿರುವವರಿಗೆ ಯೋಚನೆ ಮಾಡದೆ ರಬ್ಬರಿನದ್ದೇ ಕೊಡಿಸಿ. ಸುತ್ತಿಗೆ ತಪ್ಪಿದರೆ ಏಟು ರಬ್ಬರಿಗೆ ಬೀಳುತ್ತದೆ, ಬೆರಳ ಗಂಟಿಗಲ್ಲ. ಕೈ ಪಳಗಿದವರು ಬೋಳು ಚಾಣವನ್ನೇ ಇಷ್ಟಪಡುತ್ತಾರೆ, ಇಕ್ಕಟ್ಟಿನ ಜಾಗದಲ್ಲಿ ರಬ್ಬರ್ ಅಡ್ಡ ಬರುತ್ತದೆ ಅಂತ. ಅದೂ ಸರಿಯೇ. ಆದರೆ ಗೋಡೆ, ಕಾಂಕ್ರೀಟ್ ಒಡೆಯಲು ಒಬ್ಬರು ಚಾಣ ಹಿಡಿದು ಇನ್ನೊಬ್ಬರು ದೊಡ್ಡ ಸುತ್ತಿಗೆ ಬೀಸುವ ಪದ್ಧತಿ ಇದೆಯಲ್ಲ, ಅಲ್ಲಿ ರಬ್ಬರೂ ಸಾಲದು. ಉದ್ದ ಇಕ್ಕಳದಲ್ಲಿ ಚಾಣ ಹಿಡಿಯಬೇಕು. ಬರಿಗೈಲಿ ಹಿಡಿಯಲು ಯಾರಿಗೂ ಹೇಳಬೇಡಿ.

ಬಾಯಿಯ ಕೋನವೂ ಸುರಕ್ಷತೆಯ ಮಾತೇ. ಅಲ್ಯುಮಿನಿಯಂಗೆ 30 ಡಿಗ್ರಿಯ ಆಸುಪಾಸು, ತಾಮ್ರಕ್ಕೆ 45, ಹಿತ್ತಾಳೆಗೆ 50, ಮೈಲ್ಡ್ ಸ್ಟೀಲ್‌ಗೆ 55, ಬೀಡು ಕಬ್ಬಿಣಕ್ಕೆ 60. ಅಲ್ಯುಮಿನಿಯಂಗೆ ಮಾಡಿದ ತೆಳು ಬಾಯಿಯನ್ನು ಸ್ಟೀಲಿಗೆ ಹಾಕಿ ಹೊಡೆದರೆ ಬಾಯಿಯೇ ಮುರಿದು ಹಾರುತ್ತದೆ.

ಸುತ್ತಿಗೆಯೋ, ಕೊಡತಿಯೋ?

ಚಾಣಕ್ಕೆ ದುಂಡು ತಲೆಯ ಬಾಲ್‌ಪೀನ್ ಸುತ್ತಿಗೆ. ಮೊಳೆ ಕೀಳುವ ಕೊಕ್ಕೆ ಇರುವ ಸುತ್ತಿಗೆ ಬೇಡ. ಅದರ ಮುಖ ಮೊಳೆಗೆಂದು ಗಡಸು ಮಾಡಿರುತ್ತಾರೆ, ಚಾಣದ ತಲೆಗೆ ಬಡಿದರೆ ಅದರ ಅಂಚೇ ಚಕ್ಕೆ ಏಳಬಹುದು. ಸುತ್ತಿಗೆಯ ಮುಖ ಚಾಣದ ತಲೆಗಿಂತ 12 ಮಿಲಿಮೀಟರ್‌ನಷ್ಟಾದರೂ ಅಗಲ ಇರಲಿ. ಸುತ್ತಿಗೆಯ ಕಾವು, ಅಂದರೆ ಮರದ ಹಿಡಿ, ಅಲ್ಲಾಡುತ್ತಿದ್ದರೆ ಬೆಣೆ ಬಿಗಿ ಮಾಡದೆ ಎತ್ತಬೇಡಿ. ನೀರಲ್ಲಿ ನೆನೆಸಿ ಬಿಗಿ ಮಾಡುವುದು ಆ ದಿನದ ಮಟ್ಟಿಗೆ ಮಾತ್ರ. ಒಣಗಿದರೆ ಮತ್ತೆ ಸಡಿಲ.

ಮರದ ಉಳಿಗೆ ಕೊಡತಿ, ಅಂದರೆ ಮರದ ಸುತ್ತಿಗೆ. ಸೈಟುಗಳಲ್ಲಿ ಎಲ್ಲರೂ ಕಬ್ಬಿಣದ ಸುತ್ತಿಗೆಯಲ್ಲೇ ಹೊಡೆಯುತ್ತಾರೆ, ನೋಡಿದ್ದೇನೆ. ಹಿಡಿಯ ತುದಿಗೆ ಕಬ್ಬಿಣದ ಬಳೆಯೋ, ಟೋಪಿಯೋ ಇದ್ದರೆ ತಡೆಯುತ್ತದೆ. ಬರೀ ಮರದ ಹಿಡಿಯಾದರೆ ಸೀಳುತ್ತದೆ, ಆ ಸಿಬಿರು ಅಂಗೈಗೆ ಹೋಗುತ್ತದೆ. ಕೊಡತಿಯ ಮುಖ ಅಗಲ. ಕಣ್ಣು ಉಳಿಯ ಬಾಯಿಯ ಮೇಲೆ ಇಟ್ಟುಕೊಂಡೇ ಹೊಡೆಯಬಹುದು. ಇದು ಎರಡೂ ಕೆಲಸಕ್ಕೆ ಹೊಂದುವ ಪಾಠ: ನೋಡಬೇಕಾದ್ದು ಬಾಯಿಯನ್ನು, ತಲೆಯನ್ನಲ್ಲ. ತಲೆ ನೋಡುತ್ತಾ ಹೊಡೆಯುವವರಿಗೇ ಏಟು ತಪ್ಪುವುದು ಜಾಸ್ತಿ.

ಮರ ಹಿಡಿಯಲು: ಕಾಲು, ಕ್ಲ್ಯಾಂಪ್, ಹಲಗೆ

ಇದನ್ನು ಓದದೆ ಮುಂದೆ ಹೋಗಬೇಡಿ. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ನಾಲ್ಕು ಹೊಲಿಗೆಯ ಗುರುತಿದೆ. ಮತ್ತಿ ಮರದ ಚೌಕಟ್ಟಿನಲ್ಲಿ ಹಿಂಜ್‌ಗೆ ಗುಂಡಿ ತೆಗೆಯುತ್ತಿದ್ದೆ. ಪಟ್ಟಿಯನ್ನು ಎಡಗೈಲಿ ಒತ್ತಿ ಹಿಡಿದು, ಬಲಗೈಲಿ ಉಳಿ ತಳ್ಳುತ್ತಿದ್ದೆ. ಕೊನೆಯ ತೆಳು ಪದರ ಅಷ್ಟೇ ಇತ್ತು. ಒಂದು ಗಂಟು ಸಿಕ್ಕಿತು. ಬಲ ಜಾಸ್ತಿ ಕೊಟ್ಟೆ. ಗಂಟು ಬಿಟ್ಟುಕೊಟ್ಟ ಕ್ಷಣಕ್ಕೆ ಉಳಿ ಒಂದು ಗೇಣು ಮುಂದೆ ಹೋಗಿತ್ತು. ನೋವು ತಕ್ಷಣ ಗೊತ್ತಾಗಲಿಲ್ಲ. ಮರದ ಮೇಲೆ ಕೆಂಪು ಹನಿ ನೋಡಿದ ಮೇಲೆ ಗೊತ್ತಾಯಿತು.

ಅವತ್ತು ಕೈಗೆ ಗ್ಲೌಸ್ ಇರಲಿಲ್ಲ ಅಂತ ಎಲ್ಲರೂ ಬೈದರು. ಗ್ಲೌಸ್ ಇದ್ದಿದ್ದರೂ ಆ ಬಲಕ್ಕೆ ನಿಲ್ಲುತ್ತಿರಲಿಲ್ಲ. ತಪ್ಪು ಕೈ ಅಲ್ಲಿದ್ದದ್ದು. ಎರಡೂ ಕೈ ಯಾವಾಗಲೂ ಉಳಿಯ ಬಾಯಿಯ ಹಿಂದೆ ಇರಬೇಕು, ಮುಂದೆ ಮರ ಮಾತ್ರ. ಅದಾಗಬೇಕಾದರೆ ಮರವನ್ನು ಬೇರೆ ಏನಾದರೂ ಹಿಡಿದುಕೊಂಡಿರಬೇಕು.

ನಮ್ಮ ಕಡೆ ನೆಲದಲ್ಲಿ ಕೂತು ಕೆಲಸ ಮಾಡುವುದು ರೂಢಿ. ಮರವನ್ನು ಪಾದದಲ್ಲಿ ಒತ್ತಿ ಹಿಡಿಯುತ್ತಾರೆ. ಹಳೇ ಆಚಾರಿಗಳು ಜೀವನವೆಲ್ಲ ಹಾಗೇ ಮಾಡಿದ್ದಾರೆ, ಅವರ ಕೈ ಹದವೇ ಬೇರೆ. ಆದರೆ ಕಲಿಯುವ ಹುಡುಗರಿಗೆ ಅದನ್ನೇ ಹೇಳಿಕೊಟ್ಟರೆ ಪೆಟ್ಟು ತಿಂದೇ ಕಲಿಯಬೇಕಾಗುತ್ತದೆ. ನೆಲದ ಕೆಲಸ ಬಿಡಲು ಆಗದಿದ್ದರೆ ಒಂದು ದಪ್ಪ ಹಲಗೆ ತೆಗೆದುಕೊಂಡು ನಿಮ್ಮಿಂದ ದೂರದ ತುದಿಗೆ ಒಂದು ಅಡ್ಡಪಟ್ಟಿ ಹೊಡೆಯಿರಿ. ಮರವನ್ನು ಆ ಪಟ್ಟಿಗೆ ಆನಿಸಿ, ನೀವು ಈ ಕಡೆ ಕೂತು ತಳ್ಳಿ. ಮರ ಮುಂದಕ್ಕೆ ಓಡುವುದಿಲ್ಲ, ಕಾಲೂ ಹಿಂದೆಯೇ ಉಳಿಯುತ್ತದೆ. ಟೇಬಲ್ ಮೇಲೆ ಮಾಡುವವರು ಇದೇ ಹಲಗೆಯ ತಮ್ಮ ಕಡೆಯ ತುದಿಗೆ ಅಡಿಯಲ್ಲಿ ಇನ್ನೊಂದು ಪಟ್ಟಿ ಹೊಡೆದರೆ ಟೇಬಲ್ ಅಂಚಿಗೆ ಕಚ್ಚಿಕೊಳ್ಳುತ್ತದೆ. ಚೂರು ಮರದಲ್ಲೇ ಆಗುತ್ತದೆ, ಖರ್ಚಿಲ್ಲ.

ಮರವನ್ನು ಟೇಬಲ್‌ಗೆ ತಿರುಪಿ ಬಿಗಿಯುವ ಜಿ-ಕ್ಲ್ಯಾಂಪ್ ಎರಡು ಇದ್ದರೆ ಇನ್ನೂ ಒಳ್ಳೆಯದು. ಒಂದೇ ಹಾಕಿದರೆ ಮರ ಅದರ ಸುತ್ತ ತಿರುಗುತ್ತದೆ, ಎರಡು ಹಾಕಬೇಕು. ಗುಂಡಿ ತೋಡುವ ಕೆಲಸಕ್ಕೆ ಕ್ಲ್ಯಾಂಪ್, ಸುಮ್ನೆ ಅಂಚು ಸವರುವ ಸಣ್ಣಪುಟ್ಟ ಕೆಲಸಕ್ಕೆ ಹಲಗೆ. ನನ್ನನ್ನು ಕೇಳಿದರೆ ಮರದ ಕೆಲಸಗಾರರು ಗ್ಲೌಸ್ ಕೊಳ್ಳುವ ದುಡ್ಡಿಗೆ ಮೊದಲು ಕ್ಲ್ಯಾಂಪ್ ಕೊಳ್ಳಬೇಕು. ಕಬ್ಬಿಣಕ್ಕೆ ಈ ಪ್ರಶ್ನೆಯೇ ಇಲ್ಲ, ವೈಸ್ ಬಿಟ್ಟರೆ ಬೇರೆ ದಾರಿ ಹುಡುಕಬೇಡಿ.

ಇನ್ನೊಂದು, ಉಳಿ ಹರಿತ ಇರಲಿ. ಹರಿತ ಇದ್ದರೆ ಅಪಾಯ ಅನ್ನುವುದು ಹೊಸಬರ ಭಯ. ಮೊಂಡು ಉಳಿಗೆ ಬಲ ಜಾಸ್ತಿ ಬೇಕು, ಬಲ ಜಾಸ್ತಿಯಾದಾಗಲೇ ಜಾರುವುದು. ನನ್ನ ಕೈ ಕುಯ್ದ ಉಳಿ ಅವತ್ತು ಮೊಂಡಾಗಿತ್ತು. ಗ್ರೈಂಡರ್‌ನಲ್ಲಿ 25 ಡಿಗ್ರಿ ಓರೆ ಮಾಡಿಕೊಂಡು, ಎಣ್ಣೆ ಕಲ್ಲಿನ ಮೇಲೆ 30ಕ್ಕೆ ತುದಿ ತೀಡಿದರೆ ತೇಗಕ್ಕೂ ಹಲಸಿಗೂ ನಡೆಯುತ್ತದೆ. ದಿನಾ ಗ್ರೈಂಡರ್ ಬೇಕಿಲ್ಲ, ಕಲ್ಲಿನ ಮೇಲೆ ಎರಡು ನಿಮಿಷ ಸಾಕು.

ಗ್ಲೌಸು

ಹತ್ತಿ ಗ್ಲೌಸಿನಿಂದ ಉಳಿಯ ಬಾಯಿಗೆ ಯಾವ ತಡೆಯೂ ಇಲ್ಲ. ಹಿಡಿತ ಬೇರೆ ಜಾರುತ್ತದೆ. ಮರದ ಕೆತ್ತನೆ ಮಾಡುವವರು, ಸಣ್ಣ ವಿಗ್ರಹವನ್ನು ಕೈಯಲ್ಲೇ ಹಿಡಿದು ಕೆತ್ತಬೇಕಾದವರು, ವಸ್ತು ಹಿಡಿಯುವ ಕೈಗೆ ಮಾತ್ರ ಕುಯ್ಯದಂಥ ನೂಲಿನ ಗ್ಲೌಸ್ ಹಾಕಬಹುದು. ಅದು ಗೀರನ್ನು ತಡೆಯುತ್ತದೆ. ನೇರ ಚುಚ್ಚುವ ಉಳಿಯನ್ನು ತಡೆಯುವುದಿಲ್ಲ, ನೂಲಿನ ಸಂದಿಯಲ್ಲಿ ತೂರಿಕೊಂಡು ಹೋಗುತ್ತದೆ.

ಕಬ್ಬಿಣದಲ್ಲಿ ಚಾಣ ಹಿಡಿಯುವ ಕೈಗೆ ತೆಳು ಚರ್ಮದ ಗ್ಲೌಸ್ ಒಳ್ಳೆಯದು. ಕಡಿದ ಅಂಚು, ಸುರುಳಿ ಚೂರು ಎಲ್ಲ ಬ್ಲೇಡಿನಂತೆ ಇರುತ್ತವೆ. ಆದರೆ ಅದೇ ಗ್ಲೌಸಿನಲ್ಲಿ ಬೆಂಚ್ ಗ್ರೈಂಡರ್ ಮುಂದೆಯೋ ಡ್ರಿಲ್ಲಿಂಗ್ ಮೆಶಿನ್ ಮುಂದೆಯೋ ಹೋಗಬೇಡಿ. ತಿರುಗುವ ಯಂತ್ರಕ್ಕೆ ಗ್ಲೌಸಿನ ತುದಿ ಸಿಕ್ಕರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಚಾಣ ಸಾಣೆ ಹಿಡಿಯಲು ಎದ್ದಾಗ ಗ್ಲೌಸ್ ಬಿಚ್ಚಿಟ್ಟು ಹೋಗುವುದು ಅಭ್ಯಾಸ ಆಗಬೇಕು. ಗ್ರೈಂಡರ್ ಕಲ್ಲಿಗೂ ಆನಿಸುವ ಪಟ್ಟಿಗೂ ನಡುವೆ 3 ಮಿಲಿಮೀಟರ್‌ಗಿಂತ ಜಾಸ್ತಿ ಸಂದಿ ಬೇಡ, ಚಾಣ ಒಳಗೆ ಸಿಕ್ಕಿಕೊಂಡು ಕಲ್ಲೇ ಒಡೆಯುತ್ತದೆ.

ತುಕ್ಕು ಹಿಡಿದ ಬೋಲ್ಟಿಗೆ: ಚಾಣವೋ, ಆಂಗಲ್ ಗ್ರೈಂಡರೋ?

ಆ ಹುಡುಗ ಕೊನೆಗೆ ಕೇಳಿದ್ದು ಇದನ್ನೇ. ಗ್ರೈಂಡರ್ ಬೇಗ ಮುಗಿಸುತ್ತದೆ. ಆದರೆ ಕಿಡಿ ಹಾರುತ್ತದೆ, ಪಕ್ಕದಲ್ಲಿ ಮರದ ಹೊಟ್ಟು, ಪೇಂಟು, ಥಿನ್ನರ್ ಇದ್ದರೆ ಬೆಂಕಿ. ಮರ, ಕಬ್ಬಿಣ ಎರಡೂ ಒಂದೇ ಶೆಡ್ಡಿನಲ್ಲಿ ಮಾಡುವವರು ಇದನ್ನು ಮರೆಯುತ್ತಾರೆ. ಅಂಥ ಕಡೆ ಚಾಣವೇ ವಾಸಿ. ಬಯಲಲ್ಲಾದರೆ ಗ್ರೈಂಡರ್ ಹಿಡಿಯಿರಿ, ಗಾರ್ಡ್ ಬಿಚ್ಚದೆ. 4 ಇಂಚಿನ ಕಟಿಂಗ್ ವೀಲ್ ಮೇಲೆ ಎಷ್ಟು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು, ತಡೆಯುತ್ತದೆ ಅಂತ ಬರೆದಿರುತ್ತದೆ, ಒಳ್ಳೆಯ ವೀಲ್‌ನಲ್ಲಿ 15,300ರ ಹತ್ತಿರ ಇರುತ್ತದೆ. ನಿಮ್ಮ ಮೆಶಿನ್ ಮೇಲಿನ ಸಂಖ್ಯೆ ಅದಕ್ಕಿಂತ ಕಡಿಮೆ ಇರಬೇಕು. ನಡುವಿನ ಲೋಹದ ಉಂಗುರದ ಮೇಲೆ ಗಡುವಿನ ತಾರೀಖೂ ಇರುತ್ತದೆ, ನೋಡಿ ತನ್ನಿ.

ಚಾಣದಿಂದ ಕಡಿಯುವಾಗ ಕೊನೆಯ ನಾಲ್ಕು ಏಟು ಹಗುರ ಇರಲಿ. ತುಂಡು ಬಿಡಿಸಿಕೊಳ್ಳುವ ಹೊತ್ತಿನಲ್ಲೇ ಅದು ಹಾರುವುದು.

ಆದರೂ ಕಣ್ಣಿಗೆ ಬಿತ್ತು ಅಂದರೆ

ಉಜ್ಜಬೇಡಿ. ಕರ್ಚೀಫಿನ ತುದಿಯಿಂದ ತೆಗೆಯಲು ಯಾರನ್ನೂ ಬಿಡಬೇಡಿ. ಮೇಲೆ ಬಿದ್ದ ಮರದ ಹೊಟ್ಟು, ಧೂಳಾದರೆ ಶುದ್ಧ ನೀರಲ್ಲಿ ತೊಳೆದರೆ ಹೋಗುತ್ತದೆ. ಸುತ್ತಿಗೆ ಏಟಿಗೆ ಹಾರಿದ ಲೋಹದ ಚೂರು ಒಳಗೆ ಹೊಕ್ಕ ಅನುಮಾನ ಬಂದರೆ ತೊಳೆಯುವುದೂ ಬೇಡ, ಒತ್ತುವುದೂ ಬೇಡ. ಪೇಪರ್ ಲೋಟವೊಂದನ್ನು ಕಣ್ಣಿನ ಮೇಲೆ ಮುಟ್ಟದ ಹಾಗೆ ಕವುಚಿ ಅಂಟಿಸಿ, ಸೀದಾ ಕಣ್ಣಿನ ಆಸ್ಪತ್ರೆಗೆ ಹೊರಡಿ. ಆಪರೇಷನ್ ಬೇಕಾಗಬಹುದು, ಆದ್ದರಿಂದ ದಾರಿಯಲ್ಲಿ ಏನೂ ತಿನ್ನಬೇಡಿ. ಬೆಂಗಳೂರಿನವರಿಗೆ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಬೇರೆ ಊರಿನವರು ಜಿಲ್ಲಾ ಆಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ನೋವಿಲ್ಲ, ಕಣ್ಣು ಕಾಣುತ್ತಿದೆ ಅಂತ ಮನೆಗೆ ಹೋಗಿ ಮಲಗಬೇಡಿ. ಸಣ್ಣ ಚೂರು ಹೊಕ್ಕ ತೂತು ಹೊರಗಿನಿಂದ ಗೊತ್ತೇ ಆಗದಿರಬಹುದು. ಕಬ್ಬಿಣ ಒಳಗೇ ಉಳಿದರೆ ದಿನ ಕಳೆದಂತೆ ತುಕ್ಕಿನ ಅಂಶ ಬಿಟ್ಟು ಒಳಪರದೆಯನ್ನೇ ಹಾಳು ಮಾಡುತ್ತದೆ. ಡಾಕ್ಟರ ಮುಂದೆ "ಕಣ್ಣಿಗೆ ಏನೋ ಬಿತ್ತು" ಅನ್ನಬೇಡಿ. "ಕಬ್ಬಿಣದ ಮೇಲೆ ಸುತ್ತಿಗೆಯಿಂದ ಹೊಡೆಯುತ್ತಿದ್ದೆ, ಆಗ ಬಿತ್ತು" ಅಂತಲೇ ಹೇಳಿ. ಆ ಒಂದು ಮಾತಿನ ಮೇಲೆ ಅವರು ಎಕ್ಸ್-ರೇ, ಸಿಟಿ ಸ್ಕ್ಯಾನ್ ಕಡೆ ಹೋಗುತ್ತಾರೆ. ಮುಂದೆ ಯಾವಾಗಲಾದರೂ ಎಂಆರ್‌ಐ ಮಾಡಿಸುವ ಸಂದರ್ಭ ಬಂದರೂ ಇದನ್ನು ಮೊದಲೇ ಹೇಳಬೇಕು. ಆ ಯಂತ್ರದ ಅಯಸ್ಕಾಂತ ಕಣ್ಣೊಳಗಿನ ಕಬ್ಬಿಣವನ್ನು ಎಳೆಯುತ್ತದೆ.